ಗೃಹಸ್ಥರ ವಿಚಾರ: ಮರಣದ ತೆರಿಗೆಯೂ ಮನೆಯ ಖಾತೆಯೂ

ಮನೆಯ ಯಜಮಾನರು ತೀರಿಕೊಂಡು ಉತ್ತರಕ್ರಿಯೆಗಳು ಮುಗಿದ ಮೇಲೆ, ಬಂಧುಗಳಲ್ಲಿ ಯಾರಾದರೊಬ್ಬರು ಕೇಳುವುದುಂಟು: “ಆಸ್ತಿಯು ಮಕ್ಕಳಿಗೆ ಬಂದುದಕ್ಕಾಗಿ ಸರಕಾರಕ್ಕೆ ತೆರಿಗೆ ಕೊಡಬೇಕೆ?” ಕೊಡಬೇಕಾದುದಿಲ್ಲ. ಆದರೆ ಇಷ್ಟನ್ನು ಕೇಳಿ ನಿಶ್ಚಿಂತರಾಗುವ ವಾಚಕರಲ್ಲಿ ಎರಡು ಮಾತು ಅರಿಕೆ ಮಾಡಬೇಕಾಗಿದೆ.

ಎಸ್ಟೇಟ್ ಡ್ಯೂಟಿಯೆಂಬ ಮರಣದ ತೆರಿಗೆಯು ನಮ್ಮ ದೇಶದಲ್ಲಿ 1953ನೆಯ ಅಕ್ಟೋಬರ್ 15ರಿಂದ ಜಾರಿಯಲ್ಲಿತ್ತು. ದೊಡ್ಡ ಆಸ್ತಿಗಳು ಕೆಲವೇ ಕೈಗಳಲ್ಲಿ ನಿಲ್ಲಬಾರದೆಂಬುದು ಅದರ ಉದ್ದೇಶ. ಒಂದು ಕಾಲದಲ್ಲಿ ಅದರ ಅತಿ ಮೇಲಿನ ದರವು ನೂರಕ್ಕೆ 85ರಷ್ಟಾಗಿತ್ತು. ಆದರೂ ಬೊಕ್ಕಸಕ್ಕೆ ವರ್ಷಕ್ಕೆ ಬರುತ್ತಿದ್ದುದು ಸುಮಾರು 20 ಕೋಟಿ ರೂಪಾಯಿ ಮಾತ್ರ. ವಸೂಲಿಯ ವೆಚ್ಚವೂ ತಕರಾರುಗಳೂ ಹೆಚ್ಚು. ಆದಕಾರಣ ಅರ್ಥಮಂತ್ರಿ ವಿಶ್ವನಾಥ ಪ್ರತಾಪ ಸಿಂಗರು, 1985ನೆಯ ಮಾರ್ಚ್ 16ರಿಂದ ಮುಂದೆ ಆಗುವ ಮರಣಗಳಿಗೆ ಇದನ್ನು ತೆಗೆದುಹಾಕಿದರು. ಕೃಷಿಭೂಮಿಯ ಮೇಲೆ ಇಂತಹ ತೆರಿಗೆ ವಿಧಿಸುವ ಅಧಿಕಾರವು ಸಂವಿಧಾನದಂತೆ ರಾಜ್ಯಗಳದು. ಕರ್ನಾಟಕದಲ್ಲಿ ಇಂದು ಅಂತಹ ತೆರಿಗೆಯೂ ಇಲ್ಲ.

ತೆರಿಗೆ ಹೋಯಿತು, ಕರ್ತವ್ಯ ಹೋಗಲಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲವಾಗಲಿ, ಕೃಷ್ಣರಾಜನಗರದ ನಾಲೆಯ ಕೆಳಗಿನ ಗದ್ದೆಯಾಗಲಿ, ಹೆಗ್ಗಡದೇವನಕೋಟೆಯ ಹತ್ತಿಯ ಹೊಲವಾಗಲಿ, ಪಹಣಿಯಲ್ಲಿ ತಾತನ ಹೆಸರೇ ನಿಂತಿದ್ದರೆ ಉಳುವ ಮೊಮ್ಮಗನಿಗೆ ಬ್ಯಾಂಕಿನ ಬೆಳೆಸಾಲ ಸಿಕ್ಕುವುದು ಕಷ್ಟ. ಒಂದು ತಲೆಮಾರು ತಡವಾದರೆ ವಾರಸುದಾರರು ನಾಲ್ವರಿದ್ದಲ್ಲಿ ಹದಿನಾರು ಮಂದಿಯಾಗುತ್ತಾರೆ. ಒಬ್ಬೊಬ್ಬರು ಒಂದೊಂದು ಊರಿನಲ್ಲಿರುತ್ತಾರೆ. ಆಗ ತೆರುವ ವಕೀಲರ ಫೀಜು, ಹಳೆಯ ತೆರಿಗೆಗಿಂತ ಹಗುರವೆಂದು ಯಾರು ಹೇಳಬಲ್ಲರು?

ಆದುದರಿಂದ ಮರಣಪತ್ರವನ್ನೂ ವಂಶವೃಕ್ಷವನ್ನೂ ಪಡೆದು, ನಾಡಕಚೇರಿಯಲ್ಲಿ ಪೌತಿ ಖಾತೆಗೆ ಬೇಗನೆ ಅರ್ಜಿ ಕೊಡುವುದು ಲೇಸು. ವಂಶವೃಕ್ಷದಲ್ಲಿ ಹೆಂಡತಿಯ ಹೆಸರನ್ನೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೂ ಬಿಡಬಾರದು. ಹಿಂದೂ ಕುಟುಂಬಗಳ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟೆಂದು 2005ರ ತಿದ್ದುಪಡಿಯು ಹೇಳಿದೆ. ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಮೊದಲೇ ಕ್ರಮವಾಗಿ ಆಗಿಹೋದ ವಿಭಾಗಗಳ ಮಾತು ಬೇರೆ. ಹಿರಿಯ ಮಗನೊಬ್ಬನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲ; ಖಾತೆಯು ಕಂದಾಯದ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ.

“ನಾನು ಬದುಕಿರುವಾಗಲೇ ಆ ಮಾತೇಕೆ?” ಎಂದು ಹಿರಿಯರು ಬೇಸರಪಡುವುದು ಸಹಜ. ಆದರೆ ಎಲ್ಲರನ್ನೂ ಕೂರಿಸಿಕೊಂಡು ಸಮಾಧಾನದಿಂದ ಹೇಳಬಲ್ಲವರು ಅವರೊಬ್ಬರೇ. ತಂಗಿಗೆ ಅಣ್ಣನ ಮನೆಯ ಬಾಗಿಲು ಹಬ್ಬಕ್ಕೆ ತೆರೆದಿರಬೇಕಾದರೆ, ಕಾಗದದ ಕೆಲಸವು ಹಿರಿಯರ ಕಣ್ಣೆದುರಿಗೇ ಮುಗಿಯಲಿ.