ದುಡಿಮಿ ಇಲ್ಲದ ಪಗಾರ

ಆರು ಕಿಲೋ ಬೆಕ್ಕಿನ ಫೋಟೋ ಹಾಕಿ ‘ನಮ್ಮ ಗುಂಡಣ್ಣ’ ಎಂದು ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಮೊದಲ ಸಿಟ್ಟು ನನ್ನ ಮೇಲೇ. ಯಾಕಂದ್ರೆ ಹೋದ ವರ್ಷದವರೆಗೆ ನಾನೂ ಅದನ್ನೇ ಮಾಡ್ತಿದ್ದೆ. 4 ಕಿಲೋ ಇರಬೇಕಾದ ಬೆಕ್ಕು 6 ಕಿಲೋ ಆಗೋದಂದ್ರೆ 60 ಕಿಲೋ ಮನುಷ್ಯ 90 ಕಿಲೋ ಆದ ಹಾಗೆ. ಅದರಲ್ಲಿ ಮುದ್ದು ಏನಿದೆ? ಸಕ್ಕರೆ ಕಾಯಿಲೆ, ಕೀಲುನೋವು ಕಾದಿರುತ್ತವೆ. ತನ್ನ ಬೆನ್ನು ತಾನೇ ನೆಕ್ಕಿಕೊಳ್ಳಲೂ ಆಗುವುದಿಲ್ಲ.

ಸಿಂದಗಿಯಿಂದ ಬೆಂಗಳೂರಿಗೆ ಬಂದ ಅವ್ವ ನೋಡಿದವಳೇ ಅಂದಳು: “ದುಡಿಮಿ ಇಲ್ಲ, ಬರೇ ಪಗಾರ ಕೊಡಾಕತ್ತಿ. ಮೈ ಬರದೇ ಏನ್ ಮಾಡ್ತದ?”

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಬೆಕ್ಕು ಸಾಕೋದು ಜೋಳದ ಚೀಲ ಕಾಯಲಿಕ್ಕೆ. ಹೊಂಚು ಹಾಕಿ, ಮಾಳಿಗಿ ಹತ್ತಿಳಿದು, ಇಲಿ ಹಿಡಿದು ತಿನ್ನೋದೇ ಅದರ ಕೆಲಸ. ಬಸವಣ್ಣ ಹುಟ್ಟಿದ ಬಾಗೇವಾಡಿ ಸೀಮೆಯವರು ನಾವು. ಫ್ಲ್ಯಾಟಿಗೆ ತಂದು ಬೆಕ್ಕಿನ ಕಾಯಕ ಕಸಿದುಕೊಂಡೆವು, ಬಟ್ಟಲು ಮಾತ್ರ ತುಂಬಿಟ್ಟೆವು. ಆಮೇಲೆ ಅದನ್ನೇ ಸೋಮಾರಿ ಅಂತೀವಿ.

‘ಹಾಗಾದ್ರೆ ಹೊರಗೆ ಬಿಡಿ’ ಅನ್ನಬೇಡಿ. ನಾಯಿಗೆ, ಗಾಡಿಗೆ, ಇಲಿ ಪಾಷಾಣಕ್ಕೆ ಸತ್ತ ಬೆಕ್ಕುಗಳನ್ನು ಊರಲ್ಲೂ ನೋಡಿದ್ದೇನೆ. ಒಂದೇ ಸಲ ಊಟ ನಿಲ್ಲಿಸೋದಂತೂ ಬೇಡವೇ ಬೇಡ. ದಪ್ಪ ಬೆಕ್ಕು ಎರಡು-ಮೂರು ದಿನ ಉಪವಾಸ ಬಿದ್ದರೆ ಕೊಬ್ಬು ಲಿವರ್‌ನಲ್ಲಿ ತುಂಬಿ ಜೀವಕ್ಕೇ ಕುತ್ತು. ಪಶುವೈದ್ಯರನ್ನು ಕೇಳಿ ಅಳತೆಯನ್ನು ನಿಧಾನಕ್ಕೆ ಇಳಿಸಿ. ಉಳಿದದ್ದು ಆಟ.

‘ಆಟಿಕೆ ತಂದೆ, ಮುಟ್ಟೋದೇ ಇಲ್ಲ’ ಅಂತೀರಿ. ನೆಲದ ಮೇಲೆ ಸತ್ತಂತೆ ಬಿದ್ದದ್ದನ್ನು ಯಾವ ಬೆಕ್ಕು ಬೇಟೆಯಾಡೀತು? ಕೋಲಿಗೆ ದಾರದಿಂದ ಗರಿ ಕಟ್ಟಿ, ಇಲಿ ಓಡಿದ ಹಾಗೆ ಎಳೆಯಿರಿ, ಸೋಫಾದ ಹಿಂದೆ ಮರೆಮಾಡಿ. ಮುಖಕ್ಕೆ ಹಿಡಿಯಬೇಡಿ, ಇಲಿ ತಾನಾಗಿ ಬೆಕ್ಕಿನ ಬಾಯಿಗೆ ಬರ್ತದೇನು? ದಪ್ಪ ಬೆಕ್ಕು ಬೇಗ ದಣಿಯುತ್ತದೆ. 2-3 ನಿಮಿಷದಿಂದ ಶುರು ಮಾಡಿ, ಬೆಳಿಗ್ಗೆ 10, ಸಂಜೆ 10 ನಿಮಿಷಕ್ಕೆ ತನ್ನಿ. ಕೊನೆಗೆ ಹಿಡಿಯಲು ಬಿಡಿ, ಆಮೇಲೆ ಊಟ ಹಾಕಿ. ಲೇಸರ್ ಚುಕ್ಕೆ ಅದರ ಪಂಜಕ್ಕೆ ಯಾವತ್ತೂ ಸಿಗದು. ಅದು ಆಟವಲ್ಲ, ಗೋಳು ಹೊಯ್ಕೊಳ್ಳೋದು. ಆಟ ಮುಗಿದ ಮೇಲೆ ದಾರ ಎತ್ತಿಡಿ. ನುಂಗಿದರೆ ಕರುಳು ಕೊಯ್ಯುತ್ತದೆ.

‘ಟೈಮಿಲ್ಲ’ ಅಂತೀರಾ? ಯಾರದೋ ಬೆಕ್ಕಿನ ರೀಲ್ಸ್ ನೋಡೋಕೆ ಅರ್ಧ ಗಂಟೆ ಇರುತ್ತೆ, ಪಕ್ಕದಲ್ಲೇ ಮಲಗಿರೋ ಬೆಕ್ಕಿಗೆ 20 ನಿಮಿಷ ಇಲ್ಲವಾ?

ನಮ್ಮದು ಈಗ ಐದೂವರೆ ಕಿಲೋಗೆ ಬಂದಿದೆ. ಫೋನಿನಲ್ಲಿ ಅವ್ವನಿಗೆ ಹೇಳಿದೆ.

“ಇನ್ನೂ ದುಡಸು” ಅಂದಳು.