ಟ್ರೇಲರಿನ ಮೂಕಿಗೆ ತೆಗೆದಿಡಬಹುದಾದ ಜಾಕು

ಎತ್ತುಗಳನ್ನು ನೊಗದಿಂದ ಬಿಡಿಸಿದ ಬಳಿಕ ಗಾಡಿಯ ಮೂಕಿಯನ್ನು ನೆಲಕ್ಕಿಳಿಸುವುದೋ, ಅದರ ಕೆಳಗೊಂದು ಕೋಲನ್ನು ನಿಲ್ಲಿಸಿ ಆಸರೆ ಕೊಡುವುದೋ ನಾಡಿನ ರೈತರಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿಯಾಗಿದೆ. ಗಾಡಿಯ ಭಾರವು ಮಿತವಾಗಿದ್ದುದರಿಂದ ಇಷ್ಟೇ ಸಾಕಾಗಿತ್ತು. ಇಬ್ಬರು ಹೆಗಲು ಕೊಟ್ಟರೆ ಮೂಕಿಯು ಏಳುತ್ತಿತ್ತು. ಈಗ ಬಹಳಮಟ್ಟಿಗೆ ಆ ಗಾಡಿಯ ಸ್ಥಾನದಲ್ಲಿ ಟ್ರಾಕ್ಟರು ಎಳೆಯುವ ಎರಡು ಗಾಲಿಯ ಟ್ರೇಲರು ಬಂದು ನಿಂತಿದೆ. ಭಾರವು ಅನೇಕ ಪಾಲು ಹೆಚ್ಚಿದೆ. ಆದರೆ ಮೂಕಿಗೆ ಆಸರೆ ಕೊಡುವ ಕ್ರಮವು ಮಾತ್ರ ಹಲವೆಡೆಗಳಲ್ಲಿ ಹಳೆಯದೇ ಆಗಿ ಉಳಿದಿದೆ. ಒಂದರ ಮೇಲೊಂದು ಪೇರಿಸಿದ ಕಲ್ಲು, ಮರದ ಕೊರಡು, ಸವೆದ ಟಯರು, ಇವೇ ಇಂದಿಗೂ ಆಧಾರ.

ಇದರಿಂದುಂಟಾಗುವ ಅಪಾಯವು ಟ್ರೇಲರನ್ನು ಕೂಡಿಸುವ ಹೊತ್ತಿನಲ್ಲಿ ಚೆನ್ನಾಗಿ ಕಾಣಬರುತ್ತದೆ. ಚಾಲಕನು ಟ್ರಾಕ್ಟರನ್ನು ಹಿಂದಕ್ಕೆ ಸರಿಸುತ್ತಾನೆ. ಮತ್ತೊಬ್ಬನು ನಡುವೆ ನಿಂತು, ಮೂಕಿಯ ತುದಿಯ ಬಳೆಯು ಟ್ರಾಕ್ಟರಿನ ಕೊಂಡಿಯ ಮಟ್ಟಕ್ಕೆ ಬರುವಂತೆ ಅದನ್ನು ಹಾರೆಯಿಂದಲೋ ಹೆಗಲಿನಿಂದಲೋ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಪಿನ್ನನ್ನು ತೂರಿಸಲು ಯತ್ನಿಸುತ್ತಾನೆ. ಕಲ್ಲು ಜಾರಿದರೆ ಮೂಕಿಯು ಪಾದದ ಮೇಲೆ ಬೀಳುವುದು; ಟ್ರಾಕ್ಟರು ಒಂದು ಗೇಣು ಹೆಚ್ಚಾಗಿ ಸರಿದರೆ ಬೆರಳುಗಳು ಬಳೆಗೂ ಕೊಂಡಿಗೂ ನಡುವೆ ಸಿಕ್ಕಿಕೊಳ್ಳುವುವು. ಬಲಗೈಯ ಬೆರಳುಗಳನ್ನು ಕಳೆದುಕೊಂಡ ಕೂಲಿಕಾರನಿಗೆ ಕಬ್ಬು ಕಡಿಯುವುದೂ ಕಷ್ಟ, ಕಳೆ ಕೀಳುವುದೂ ಕಷ್ಟ. ಆ ಮನೆಯ ಜೀವನೋಪಾಯವೇ ಇಲ್ಲಿ ಪಣವಾಗಿದೆಯೆಂಬುದನ್ನು ಮರೆಯತಕ್ಕದ್ದಲ್ಲ.

ಮೂಕಿಯ ತುದಿಯ ಮೇಲೆ ಎಷ್ಟು ಭಾರ ಬೀಳುತ್ತದೆಂಬುದನ್ನು ಮೊದಲು ತಿಳಿಯುವುದು ಅವಶ್ಯ. ಪೆಟ್ಟಿಗೆ ಮತ್ತು ಸರಕು ಸೇರಿ ಒಂದು ಟ್ರೇಲರಿನ ತೂಕವು ೪,೦೦೦ ಕಿಲೋಗ್ರಾಂ ಇದೆಯೆಂದೂ, ಅಚ್ಚಿನಿಂದ ಬಳೆಗೆ ೩ ಮೀಟರು ದೂರವೆಂದೂ ಇಟ್ಟುಕೊಳ್ಳೋಣ. ತೂಕದ ಮಧ್ಯಬಿಂದುವು ಅಚ್ಚಿಗಿಂತ ೩೦ ಸೆಂಟಿಮೀಟರು ಮುಂದಿದ್ದರೆ ಬಳೆಯ ಮೇಲೆ ೪೦೦ ಕಿಲೋಗ್ರಾಂ ಭಾರ ಬೀಳುತ್ತದೆ. ಸರಕನ್ನು ಮುಂದಕ್ಕೆ ಹೇರಿ ಆ ಮಧ್ಯಬಿಂದುವು ೬೦ ಸೆಂಟಿಮೀಟರು ಮುಂದೆ ಬಂದರೆ ಅದೇ ಭಾರವು ೮೦೦ ಕಿಲೋಗ್ರಾಂ ಆಗುತ್ತದೆ. ಹೇರಿದ ಸರಕು ಅದೇ, ಗಾಡಿಯೂ ಅದೇ. ಹೇರಿದ ಕ್ರಮದಿಂದಲೇ ಮೂಕಿಯ ಭಾರವು ಇಮ್ಮಡಿಯಾಯಿತು. ಇಂತಹ ಭಾರವನ್ನು ಹೆಗಲಿನಿಂದ ಎತ್ತುವುದಾಗಲಿ, ಸಡಿಲವಾದ ಕಲ್ಲುಗಳ ಮೇಲಿಡುವುದಾಗಲಿ ವಿವೇಕವಲ್ಲ. ತಿರುಪಿನ ಜಾಕಿನಿಂದಲಾದರೆ ಒಬ್ಬನೇ ಹಿಡಿಯನ್ನು ತಿರುಗಿಸಿ ಇದನ್ನು ನಿಧಾನವಾಗಿ ಏರಿಸಬಹುದು, ಇಳಿಸಬಹುದು.

ಅಮೆರಿಕದಲ್ಲಿ ವಿಹಾರಕ್ಕೆಂದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಸಣ್ಣ ಮನೆಗಾಡಿಗಳಿಗೂ ಇಂತಹ ಜಾಕು ಇರುತ್ತದೆ. ಅಲ್ಲಿ ಮೂಕಿಯ ಭಾರವು ಒಟ್ಟು ತೂಕದಲ್ಲಿ ನೂರಕ್ಕೆ ೧೦ರಿಂದ ೧೫ರಷ್ಟಿರಬೇಕೆಂಬುದು ರೂಢಿಯ ನಿಯಮ. ಆ ಗಾಡಿಗಳು ಹಗುರವಾದವು. ಅವುಗಳಿಗೆಂದು ಮಾಡಿದ ಜಾಕು ಕಬ್ಬಿನ ಟ್ರೇಲರಿಗೆ ಸಾಲದು. ಆದರೆ ಜಾಕನ್ನು ಬೇಕಾದಾಗ ಕೂರಿಸಿ, ಬೇಡವಾದಾಗ ಕಳಚಿಡುವ ಏರ್ಪಾಡು ಅಲ್ಲಿ ಚೆನ್ನಾಗಿ ಬಳಕೆಗೆ ಬಂದಿದೆ. ಅನುಸರಿಸಲು ಯೋಗ್ಯವಾದುದು ಆ ಏರ್ಪಾಡೇ ಹೊರತು ಅಲ್ಲಿಯ ಅಳತೆಗಳಲ್ಲ.

ಮೂಕಿಗೆ ಶಾಶ್ವತವಾಗಿ ಬೆಸೆದ ಜಾಕು ಏಕೆ ಸಾಲದೆಂದು ಕೆಲವರು ಕೇಳಬಹುದು. ಟಾರು ರಸ್ತೆಯಲ್ಲಿಯೇ ಓಡಾಡುವ ಟ್ರೇಲರಿಗೆ ಅದು ತಕ್ಕಮಟ್ಟಿಗೆ ಸಾಕು. ಗದ್ದೆಗೂ ತೋಟಕ್ಕೂ ಇಳಿಯುವ ಟ್ರೇಲರಿನ ಪಾಡು ಬೇರೆ. ಪೂರ್ಣವಾಗಿ ಮೇಲೆತ್ತಿದರೂ ಅಂತಹ ಜಾಕಿನ ಪಾದವು ಮೂಕಿಯ ಕೆಳಗೆ ಜೋತಿರುತ್ತದೆ. ಬದು ದಾಟುವಾಗ, ಕಾಲುವೆಯ ದಿಣ್ಣೆ ಹತ್ತುವಾಗ ಅದು ನೆಲಕ್ಕೆ ತಾಗಿ ಬಾಗುವುದು. ಒಮ್ಮೆ ಬಾಗಿದ ತಿರುಪು ತಿರುಗದು. ಆಮೇಲೆ ರೈತನು ಮತ್ತೆ ಕಲ್ಲನ್ನೇ ಹುಡುಕುವನು. ಇದಲ್ಲದೆ, ಇಕ್ಕಟ್ಟಿನಲ್ಲಿ ತಿರುಗುವಾಗ ಟ್ರಾಕ್ಟರಿನ ದೊಡ್ಡ ಹಿಂಗಾಲಿಯು ಜಾಕಿನ ಹಿಡಿಗೆ ತಗಲುವ ಸಂಭವವೂ ಉಂಟು. ಆದುದರಿಂದ ಹೊಲಕ್ಕಿಳಿಯುವ ಟ್ರೇಲರಿಗೆ ಕಳಚಿಡತಕ್ಕ ಜಾಕೇ ಮೇಲು.

ಕಳಚುವ ಜಾಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಅದನ್ನು ಹಿಡಿದುಕೊಳ್ಳುವ ಗೂಡು. ಕೊಳ್ಳುವವರು ಸಾಮಾನ್ಯವಾಗಿ ಜಾಕನ್ನು ನೋಡಿ ಬೆಲೆ ಮಾಡುತ್ತಾರೆ. ಗೂಡಿನ ವಿಷಯವನ್ನು ಕಮ್ಮಾರನಿಗೆ ಬಿಟ್ಟುಬಿಡುತ್ತಾರೆ. ಈ ಕ್ರಮವು ತಲೆಕೆಳಗಾದುದು. ಗೂಡನ್ನು ಮೊದಲು ಗೊತ್ತುಮಾಡಿ, ಅದಕ್ಕೆ ಹೊಂದುವ ಜಾಕನ್ನು ಅನಂತರ ಕೊಳ್ಳತಕ್ಕದ್ದು.

ಬಳಕೆಯಲ್ಲಿರುವ ಗೂಡುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಪಟ್ಟಿಯ ಬಿಗಿತದಿಂದಲೇ ಕೊಳವೆಯನ್ನು ಹಿಡಿಯುವಂಥದು. ಇದು ಹಗುರವಾದ ಗಾಡಿಗಳಿಗೆ ಸರಿ. ಭಾರವು ಹೆಚ್ಚಿದರೆ ಕೊಳವೆಯು ಜಾರುತ್ತದೆ. ಎರಡನೆಯದು ಮೂಕಿಯ ಪಕ್ಕದ ಗಿಡ್ಡ ಕೊಳವೆಯ ಮೇಲೆ ಜಾಕು ತಿರುಗಿ, ಕೆಲಸವಿಲ್ಲದಾಗ ಮೂಕಿಯುದ್ದಕ್ಕೂ ಮಲಗುವಂಥದು. ಮರೆಗುಳಿಗಳಿಗೆ ಇದು ಅನುಕೂಲ, ಏಕೆಂದರೆ ಜಾಕು ಗಾಡಿಯಲ್ಲಿಯೇ ಉಳಿಯುತ್ತದೆ. ಆದರೆ ತಿರುಗುವ ಸಂದಿನಲ್ಲಿ ಮಣ್ಣು ಸೇರಿ ಸವೆತ ಹೆಚ್ಚು. ಮೂರನೆಯದು ನೆಟ್ಟಗೆ ನಿಲ್ಲಿಸಿದ ಚೌಕ ಕೊಳವೆಯ ಗೂಡು. ಅದರೊಳಗೆ ಜಾಕಿನ ಚೌಕ ಕೊಳವೆಯು ಇಳಿದು, ಎರಡರ ಮೂಲಕವೂ ಅಡ್ಡವಾಗಿ ಒಂದು ದಪ್ಪ ಪಿನ್ನು ಹಾಯುತ್ತದೆ. ಚಲಿಸುವ ಸಂದುಗಳಿಲ್ಲದಿರುವುದರಿಂದಲೂ, ಹಳ್ಳಿಯ ಕಮ್ಮಾರಸಾಲೆಯಲ್ಲಿಯೇ ಸಿದ್ಧಪಡಿಸಬಹುದಾದುದರಿಂದಲೂ ರೈತರಿಗೆ ಈ ಮೂರನೆಯ ಬಗೆಯೇ ಹೆಚ್ಚು ಯೋಗ್ಯವಾಗಿ ತೋರುತ್ತದೆ.

ಗಾಡಿಯ ಗಾಲಿಗೆ ಕಡಾಣಿ ಹೇಗೋ ಜಾಕಿಗೆ ಈ ಪಿನ್ನು ಹಾಗೆ. ಅದು ತೂತಿಗೆ ಸರಿಯಾಗಿ ಹೊಂದಬೇಕು. ಸಣ್ಣ ಸರಪಣಿಯಿಂದ ಗೂಡಿಗೆ ಕಟ್ಟಿರಬೇಕು. ಕುಲುಕಾಟಕ್ಕೆ ಹೊರಬೀಳದಂತೆ ತುದಿಗೊಂದು ಕ್ಲಿಪ್ಪು ಇರಬೇಕು. ಪಿನ್ನು ಕಳೆದುಹೋಯಿತೆಂದು ಮೊಳೆಯನ್ನೋ ಕಟ್ಟಡದ ಸಲಾಕೆಯ ತುಂಡನ್ನೋ ತೂರಿಸುವುದು ಸಲ್ಲದು.

ಗೂಡನ್ನು ಎಲ್ಲಿ ಕೂರಿಸಬೇಕೆಂಬ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಟ್ರಾಕ್ಟರನ್ನು ಪೂರ್ತಿಯಾಗಿ ಎರಡು ಕಡೆಗೂ ತಿರುಗಿಸಿ ನೋಡಿ, ಗಾಲಿಯು ತಗಲದಷ್ಟು ಹಿಂದೆ ಅದರ ಸ್ಥಾನವನ್ನು ಗುರುತಿಸಬೇಕು. ಆದರೆ ಹಿಂದೆ ಸರಿದಷ್ಟೂ ಜಾಕಿನ ಮೇಲಿನ ಭಾರ ಹೆಚ್ಚುತ್ತದೆ. ಬಳೆಯ ಬಳಿ ೪೦೦ ಕಿಲೋಗ್ರಾಂ ಇದ್ದುದು, ಅಚ್ಚಿನಿಂದ ೨.೫ ಮೀಟರಿನಲ್ಲಿ ಜಾಕಿಟ್ಟರೆ ೪೮೦ ಕಿಲೋಗ್ರಾಂ ಆಗುತ್ತದೆ. ಗೂಡು ಮೂಕಿಯ ಪಕ್ಕಕ್ಕೆ ಒತ್ತಿಕೊಂಡಿರಬೇಕು. ಹೊರಕ್ಕೆ ಚಾಚಿದಷ್ಟೂ ಅದನ್ನು ತಿರುಚುವ ಬಲ ಹೆಚ್ಚು. ಮೂಕಿಯ ಕೆಳಮೈ ಭಾರದಿಂದ ಹಿಗ್ಗುವ ಭಾಗವಾದುದರಿಂದ ಅಲ್ಲಿ ತೂತು ಕೊರೆಯುವುದಾಗಲಿ, ಅಡ್ಡಲಾಗಿ ಬೆಸುಗೆ ಹಾಕುವುದಾಗಲಿ ಕೂಡದು. ಬಿರುಕು ಮೊದಲಾಗುವುದು ಅಲ್ಲಿಂದಲೇ. ಹಳೆಯ ಟ್ರೇಲರಿಗಾದರೆ, ಮೂಕಿಯನ್ನು ಸುತ್ತುವರಿದು ಹಿಡಿಯುವ ಯು ಬೋಲ್ಟುಗಳಿಂದಲೂ ದಪ್ಪ ತಗಡಿನಿಂದಲೂ ಗೂಡನ್ನು ಬಿಗಿಯುವುದು ಲೇಸು. ನಟ್ಟುಗಳನ್ನು ಆಗಾಗ್ಗೆ ಬಿಗಿಮಾಡುತ್ತಿರಬೇಕಾದುದೊಂದೇ ಇದರ ತೊಂದರೆ.

ಜಾಕಿನ ಪಾದದ ಕೆಳಗಿನ ನೆಲವನ್ನೂ ಗಮನಿಸಬೇಕು. ೫ ಸೆಂಟಿಮೀಟರು ಅಡ್ಡಳತೆಯ ಪಾದದ ಮೇಲೆ ೪೦೦ ಕಿಲೋಗ್ರಾಂ ಬಿದ್ದರೆ, ಪ್ರತಿ ಚದರ ಸೆಂಟಿಮೀಟರಿಗೂ ಸುಮಾರು ೨೦ ಕಿಲೋಗ್ರಾಂ ಒತ್ತಡ. ಮಳೆ ಬಿದ್ದ ಎರೆ ಭೂಮಿಯಲ್ಲಿ ಅದು ಈಟಿಯಂತೆ ಇಳಿಯುತ್ತದೆ. ಅದರ ಕೆಳಗೆ ೩೦ ಸೆಂಟಿಮೀಟರು ಚೌಕದ ದಪ್ಪ ಹಲಗೆಯನ್ನಿಟ್ಟರೆ ಒತ್ತಡವು ಅರ್ಧ ಕಿಲೋಗ್ರಾಮಿಗಿಂತ ಕಡಮೆಯಾಗುತ್ತದೆ. ಒಂದು ಹಲಗೆಯ ತುಂಡಿಗೆ ಯಾವ ರೈತನ ಮನೆಯಲ್ಲಿಯೂ ಕೊರತೆಯಿಲ್ಲ.

ಜಾಕು ಮಾಡಲಾರದ ಕೆಲಸವೂ ಒಂದುಂಟು. ಅದು ಮೂಕಿಯು ಬೀಳದಂತೆ ತಡೆಯುತ್ತದೆ, ಏಳದಂತೆ ತಡೆಯದು. ಟ್ರಾಕ್ಟರಿನಿಂದ ಬಿಡಿಸಿದ ಟ್ರೇಲರಿನಲ್ಲಿ ಮುಂದಿನ ಮೂಟೆಗಳನ್ನು ಮೊದಲು ಇಳಿಸಿದರೆ ಗಾಡಿಯು ಹಿಂಭಾರವಾಗಿ, ಮೂಕಿಯು ಒಮ್ಮೆಲೇ ಮೇಲೆದ್ದು ಬಳಿಯಲ್ಲಿದ್ದವರಿಗೆ ಬಡಿಯುವುದು. ಆದುದರಿಂದ ಬಿಡಿಸಿಟ್ಟ ಟ್ರೇಲರಿನಲ್ಲಿ ಹೇರುವುದನ್ನಾಗಲಿ ಇಳಿಸುವುದನ್ನಾಗಲಿ ಮಾಡಕೂಡದು. ಅನಿವಾರ್ಯವಾದರೆ ಹಿಂಬದಿಗೂ ಗಟ್ಟಿಯಾದ ಆಸರೆಯನ್ನು ಕೊಡತಕ್ಕದ್ದು. ಬಿಡಿಸುವ ಮುನ್ನ ಎರಡು ಗಾಲಿಗಳ ಹಿಂದೆಯೂ ಮುಂದೆಯೂ ಮರದ ತುಂಡುಗಳನ್ನು ಒತ್ತಿಡಬೇಕು. ಕೂಡಿಸುವಾಗ ಬಳೆಯನ್ನು ಮೊದಲೇ ಜಾಕಿನಿಂದ ತಕ್ಕ ಎತ್ತರಕ್ಕೇರಿಸಿ, ಟ್ರಾಕ್ಟರು ಹಿಂದೆ ಸರಿಯುವಷ್ಟು ಹೊತ್ತೂ ಎಲ್ಲರೂ ಪಕ್ಕಕ್ಕೆ ನಿಲ್ಲಬೇಕು. ಟ್ರಾಕ್ಟರು ನಿಂತು, ಬ್ರೇಕು ಹಾಕಿ, ಇಂಜಿನು ಆರಿದ ಮೇಲೆಯೇ ಪಿನ್ನಿಗೆ ಕೈಹಾಕತಕ್ಕದ್ದು.

ಕಳಚಿಟ್ಟ ಜಾಕು ಕಳೆದುಹೋಗುವುದೆಂಬ ಆಕ್ಷೇಪಣೆಯು ನಿರಾಧಾರವಾದುದಲ್ಲ. ಟ್ರೇಲರಿನ ಮುಂಬದಿಯ ತಗಡಿಗೆ ಎರಡು ಕೊಕ್ಕೆಗಳನ್ನು ಹಾಕಿಸಿ, ಕಳಚಿದೊಡನೆ ಜಾಕನ್ನು ಅಲ್ಲಿಯೇ ಕಟ್ಟುವ ಅಭ್ಯಾಸವಾದರೆ ಈ ತೊಂದರೆಯು ತಪ್ಪುವುದು. ಕರ್ನಾಟಕದ ಕೃಷಿ ಯಂತ್ರಧಾರೆ ಕೇಂದ್ರಗಳಂತೆ ಯಂತ್ರಗಳನ್ನು ಬಾಡಿಗೆಗೆ ಕೊಡುವವರೂ, ಟ್ರೇಲರು ತಯಾರಿಸುವವರೂ ಒಂದೇ ಅಳತೆಯ ಗೂಡನ್ನು ರೂಢಿಗೆ ತಂದರೆ ಇನ್ನೂ ಉತ್ತಮ. ಆಗ ಒಬ್ಬನ ಜಾಕು ಕೆಟ್ಟರೆ ನೆರೆಯವನ ಜಾಕು ಒದಗುವುದು. ಅಳತೆ ಹೊಂದದೆಂಬ ಕಾರಣಕ್ಕೆ ಯಾರೂ ಕಲ್ಲಿಗೆ ಕೈಚಾಚಬೇಕಾಗಿಲ್ಲ.

ಟ್ರೇಲರಿಗೆ ತೆರುವ ಹಣದ ಮುಂದೆ ಒಂದು ಗೂಡು, ಒಂದು ಜಾಕು, ಒಂದು ಹಲಗೆ ಇವುಗಳ ಖರ್ಚು ಅಲ್ಪವಾದುದು. ಹೊಸ ಟ್ರೇಲರನ್ನು ಮಾಡಿಸುವ ರೈತರು ಬಣ್ಣ ಬಳಿಯುವುದಕ್ಕೆ ಮೊದಲೇ ಈ ಗೂಡನ್ನು ಕೇಳಿ ಹಾಕಿಸಿಕೊಳ್ಳುವುದು ಮೇಲು. ಹಳೆಯ ಟ್ರೇಲರು ಉಳ್ಳವರು ಮುಂದಿನ ಸುಗ್ಗಿಯು ಮೊದಲಾಗುವುದರೊಳಗೆ ಇದನ್ನು ಕೂರಿಸಿಕೊಂಡರೆ, ಹೇರಿದ ಗಾಡಿಯನ್ನು ಕೂಡಿಸುವ ಆಳಿನ ಕೈ ಕಾಲು ಸುರಕ್ಷಿತವಾಗಿರುವುವು.