ಶಸ್ತ್ರಚಿಕಿತ್ಸೆಗೆ ಮುನ್ನ ಕೊಡಬೇಕಾದ ಆಂಟಿಬಯೋಟಿಕ್‌ಗೆ ನಿಯಮ ಮತ್ತು ದಾಖಲೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಕೆಪಿಎಂಇ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ,
ಕಲಬುರಗಿ.

ಮೂಲಕ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕಲಬುರಗಿ.

ವಿಷಯ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ತಗುಲದಂತೆ ಮುಂಚಿತವಾಗಿ ಕೊಡುವ ಆಂಟಿಬಯೋಟಿಕ್ ಬಳಕೆಗೆ ಏಕರೂಪ ನಿಯಮ, ದಾಖಲೆ ಮತ್ತು ಪೂರೈಕೆ ವ್ಯವಸ್ಥೆ ಮಾಡುವ ಕುರಿತು.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಮೂರು ತಾಲ್ಲೂಕುಗಳ ನಾಗರಿಕರಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ನಮ್ಮ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಸಿಸೇರಿಯನ್, ಸಂತಾನಹರಣ, ಹರ್ನಿಯಾ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಳಿಗೆ ನಮ್ಮ ಬಡ ಕುಟುಂಬಗಳು ಮೊದಲು ನೋಡುವುದು ತಾಲ್ಲೂಕು ಆಸ್ಪತ್ರೆಯತ್ತ. ಅಲ್ಲಿ ಆಗದಿದ್ದರೆ ಕಲಬುರಗಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಜಿಮ್ಸ್, ಗಡಿಯ ಊರುಗಳವರಿಗೆ ಸೊಲ್ಲಾಪುರ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿ, ಮನೆಗೆ ಬಂದ ಮೇಲೆ ಹೊಲಿಗೆ ಬಿಚ್ಚಿ ಕೀವು ಸೋರತೊಡಗಿದರೆ ಆ ಕುಟುಂಬದ ಕಷ್ಟ ಎರಡನೇ ಸಲ ಶುರುವಾಗುತ್ತದೆ. ಹಸುಗೂಸನ್ನು ಕಟ್ಟಿಕೊಂಡು ಡ್ರೆಸಿಂಗ್‌ಗಾಗಿ ಬಸ್ಸಿನಲ್ಲಿ ಓಡಾಟ, ಜೊತೆಗೆ ಬರುವವರ ಕೂಲಿ ನಷ್ಟ, ಹೊರಗಿನ ಅಂಗಡಿಯ ದುಬಾರಿ ಇಂಜೆಕ್ಷನ್. ಗುಳೆ ಹೋಗಬೇಕಾದವರು ಹೋಗಲಾರರು, ತೊಗರಿ ರಾಶಿಗೆ ಕೈ ಸಿಗದು. ಈ ಸೋಂಕುಗಳಲ್ಲಿ ದೊಡ್ಡ ಪಾಲನ್ನು ತಡೆಯಬಹುದು. ಅದಕ್ಕೆ ಬೇಕಾದ ಔಷಧ ಅಗ್ಗದ್ದು. ಆದರೆ ಅದನ್ನು ಕೊಡುವ ಹೊತ್ತು ತಪ್ಪಬಾರದು.

ವಿಜ್ಞಾನ ಹೇಳುವುದೇನು?

ಚರ್ಮ ಕೊಯ್ಯುವ ಕ್ಷಣದಲ್ಲಿ ಆಂಟಿಬಯೋಟಿಕ್ ಆಗಲೇ ರಕ್ತದಲ್ಲೂ ಮಾಂಸದಲ್ಲೂ ಸಾಕಷ್ಟು ಇರಬೇಕು. ಗಾಯದೊಳಗೆ ಕ್ರಿಮಿ ನೆಲೆಯೂರಿದ ಮೇಲೆ ಕೊಟ್ಟ ಔಷಧದಿಂದ ಅಂಥ ರಕ್ಷಣೆ ಸಿಗದು. ಅಮೆರಿಕದ ವೈದ್ಯ ಜಾನ್ ಬರ್ಕ್ 1961ರಲ್ಲೇ ಇದನ್ನು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. 1992ರಲ್ಲಿ ಪ್ರಕಟವಾದ, 2,847 ರೋಗಿಗಳ ಅಧ್ಯಯನದಲ್ಲಿ ಕೊಯ್ಯುವ ಮುಂಚಿನ ಎರಡು ಗಂಟೆಯೊಳಗೆ ಔಷಧ ಪಡೆದವರಲ್ಲಿ ಸೋಂಕು ಶೇ 0.6ರಷ್ಟಿತ್ತು. ಕೊಯ್ದು ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ ಅದು ಶೇ 3.3ಕ್ಕೆ ಏರಿತ್ತು. ಬಿತ್ತುವ ಮೊದಲು ಬೀಜೋಪಚಾರ ಮಾಡದೆ, ಗಿಡ ಒಣಗಿದ ಮೇಲೆ ಎಷ್ಟು ಸಿಂಪಡಿಸಿದರೂ ನೆಟೆರೋಗ ಬಿಡದೆಂಬುದು ತೊಗರಿ ಬೆಳೆಯುವ ನಮಗೆ ಹೊಸ ಮಾತಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯ ಪ್ರಕಾರ ಅಗತ್ಯವಿರುವ ಶಸ್ತ್ರಚಿಕಿತ್ಸೆಗಳಿಗೆ ಈ ಔಷಧವನ್ನು ಕೊಯ್ಯುವ ಮುಂಚಿನ 120 ನಿಮಿಷದೊಳಗೆ ಕೊಡಬೇಕು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಸೋಂಕು ತಡೆಯಲೆಂದು ಮುಂದುವರಿಸಬಾರದು. ಸೆಫಜೋಲಿನ್‌ನಂಥ ಬೇಗ ಇಳಿದುಹೋಗುವ ಔಷಧಗಳಿಗೆ ಒಂದು ಗಂಟೆಯೊಳಗಿನ ಹೊತ್ತೇ ಸೂಕ್ತ. ಸಿಸೇರಿಯನ್‌ನಲ್ಲೂ ಹೊಕ್ಕುಳಬಳ್ಳಿ ಕಟ್ಟಿದ ಮೇಲಲ್ಲ, ಕೊಯ್ಯುವ ಮೊದಲೇ ಕೊಡಬೇಕು. ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ದಾಟಿದರೆ ಅಥವಾ ಹೆಚ್ಚು ರಕ್ತ ಹೋದರೆ ಸೆಫಜೋಲಿನ್‌ನ ಮತ್ತೊಂದು ಡೋಸ್ ಬೇಕಾಗುತ್ತದೆ. ಒಡೆದ ಅಪೆಂಡಿಕ್ಸ್, ಕೀವಿನ ಗಡ್ಡೆಯಂಥ ಪ್ರಕರಣಗಳಲ್ಲಿ ಕೊಡುವುದು ಚಿಕಿತ್ಸೆಯ ಆಂಟಿಬಯೋಟಿಕ್. ಅದರ ಲೆಕ್ಕವೇ ಬೇರೆ. ಅದನ್ನು ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ.

ಆದರೆ ನಮ್ಮ ದೇಶದಲ್ಲಿ, ಯಾವುದಕ್ಕೂ ಇರಲಿ ಎಂದು ಶಸ್ತ್ರಚಿಕಿತ್ಸೆಯ ನಂತರ ಐದು, ಏಳು ದಿನ ಇಂಜೆಕ್ಷನ್, ಮಾತ್ರೆ ಕೊಡುವ ರೂಢಿ ವ್ಯಾಪಕವಾಗಿದೆ. ರೋಗಿಗಳಾದ ನಾವೂ ಹೆಚ್ಚು ಇಂಜೆಕ್ಷನ್ ಕೊಟ್ಟವರೇ ಒಳ್ಳೆಯ ಡಾಕ್ಟರ್ ಎಂದು ನಂಬಿದ್ದೇವೆ. ಹೀಗೆ ದಿನಗಟ್ಟಲೆ ಕೊಡುವುದರಿಂದ ಗಾಯಕ್ಕೆ ಹೆಚ್ಚಿನ ರಕ್ಷಣೆ ಸಿಗದು. ಬದಲಿಗೆ ಭೇದಿ, ಅಲರ್ಜಿ, ಖರ್ಚು, ಎಲ್ಲಕ್ಕಿಂತ ಮಿಗಿಲಾಗಿ ಔಷಧಕ್ಕೆ ಬಗ್ಗದ ಕ್ರಿಮಿಗಳು ಹೆಚ್ಚುತ್ತವೆ.

ನಿಯಮಗಳಿವೆ, ಜಾರಿ ಬೇಕು

2008ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ಕಳೆದ 60 ನಿಮಿಷದೊಳಗೆ ಆಂಟಿಬಯೋಟಿಕ್ ಕೊಟ್ಟಾಗಿದೆಯೇ ಎಂಬ ಪ್ರಶ್ನೆಯಿದೆ. ಸೆಫಜೋಲಿನ್ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಹೆರಿಗೆ ಕೊಠಡಿ ಮತ್ತು ಹೆರಿಗೆ ಶಸ್ತ್ರಚಿಕಿತ್ಸಾ ಕೊಠಡಿಗಳ ಗುಣಮಟ್ಟಕ್ಕೆಂದೇ 2017ರಿಂದ ‘ಲಕ್ಷ್ಯ’ ಕಾರ್ಯಕ್ರಮ ನಡೆಯುತ್ತಿದೆ. ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳು 2014ರಿಂದ ಎಚ್‌1 ಅನುಸೂಚಿಯಲ್ಲಿದ್ದು, ಔಷಧ ಅಂಗಡಿಗಳು ಅವುಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು.

ದಾಖಲೆಯ ಬೆಲೆಯೇನೆಂದು ನಮ್ಮ ಭಾಗ ನೋವಿನಿಂದ ಕಲಿತಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಿತು. ಯಾರಿಗೆ, ಯಾವಾಗ, ಯಾವ ಬ್ಯಾಚಿನದು ಕೊಡಲಾಯಿತು ಎಂಬುದು ಬರಹದಲ್ಲಿ ಇದ್ದರೆ ಮಾತ್ರ ಇಂಥ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ನಾವು ಯಾವ ವೈದ್ಯರ, ಯಾವ ಆಸ್ಪತ್ರೆಯ ಮೇಲೂ ದೂರು ಹೊತ್ತು ಬಂದಿಲ್ಲ. ಕಡಿಮೆ ಸಿಬ್ಬಂದಿಯಲ್ಲಿ ಹಗಲಿರುಳು ದುಡಿಯುವವರಿಗೆ ಸ್ಪಷ್ಟ ನಿಯಮ ಮತ್ತು ಸಾಮಗ್ರಿ ಕೊಡಿ ಎಂದು ಕೇಳುತ್ತಿದ್ದೇವೆ.

ನಮ್ಮ ಹಕ್ಕೊತ್ತಾಯಗಳು

1. ಜಿಮ್ಸ್‌ನ ಶಸ್ತ್ರಚಿಕಿತ್ಸೆ, ಪ್ರಸೂತಿ, ಅರಿವಳಿಕೆ ಮತ್ತು ಸೂಕ್ಷ್ಮಜೀವಿ ವಿಭಾಗಗಳ ತಜ್ಞರಿಂದ ಒಂದು ಪುಟದ ನಿಯಮಾವಳಿ ಸಿದ್ಧಪಡಿಸಬೇಕು. ಯಾವ ಶಸ್ತ್ರಚಿಕಿತ್ಸೆಗೆ ಆಂಟಿಬಯೋಟಿಕ್ ಬೇಕು, ಯಾವುದಕ್ಕೆ ಬೇಡ, ಔಷಧ ಯಾವುದು, ಎಷ್ಟು, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಏನು ಎಂಬುದು ಅದರಲ್ಲಿದ್ದು, ಪ್ರತಿ ಶಸ್ತ್ರಚಿಕಿತ್ಸಾ ಕೊಠಡಿಯ ಗೋಡೆಯ ಮೇಲಿರಬೇಕು.

2. ಕೇಸ್ ಶೀಟ್‌ನಲ್ಲಿ ಔಷಧದ ಹೆಸರು, ಪ್ರಮಾಣ, ಬ್ಯಾಚ್ ಸಂಖ್ಯೆ, ಇಂಜೆಕ್ಷನ್ ಕೊಟ್ಟ ಸಮಯ ಮತ್ತು ಕೊಯ್ದ ಸಮಯ ಬರೆಯುವುದನ್ನು ಕಡ್ಡಾಯ ಮಾಡಬೇಕು. ಇದಕ್ಕೆ ಹೊಣೆ ಯಾರೆಂದು ಲಿಖಿತವಾಗಿ ಗೊತ್ತುಪಡಿಸಬೇಕು.

3. ಶಸ್ತ್ರಚಿಕಿತ್ಸೆಯ ನಂತರವೂ ಆಂಟಿಬಯೋಟಿಕ್ ಮುಂದುವರಿಸುವುದಾದರೆ ವೈದ್ಯರು ಕಾರಣ ಬರೆಯಬೇಕು.

4. ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಸೆಫಜೋಲಿನ್ ದಾಸ್ತಾನು ಮುಗಿಯದಂತೆ ನೋಡಿಕೊಳ್ಳಬೇಕು. ಕೊರತೆ ಬಿದ್ದರೆ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಕೂಡಲೇ ಖರೀದಿಸಬೇಕು. ರೋಗಿಯ ಕೈಗೆ ಚೀಟಿ ಕೊಟ್ಟು ಹೊರಗೆ ಕಳಿಸಬಾರದು.

5. ಕೊಳಕು ಉಪಕರಣವನ್ನು ಯಾವ ಆಂಟಿಬಯೋಟಿಕ್ಕೂ ಸರಿಮಾಡದು. ಆಟೋಕ್ಲೇವ್, ಅದರ ಪರೀಕ್ಷಾ ಪಟ್ಟಿಗಳು, ಶುದ್ಧ ನೀರು ಮತ್ತು ಜನರೇಟರ್‌ಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಕೊಡಿಸಬೇಕು.

6. ಗಾಯದ ಸೋಂಕನ್ನು ಶಸ್ತ್ರಚಿಕಿತ್ಸೆಯಾದ 30 ದಿನಗಳವರೆಗೆ ಗಮನಿಸಬೇಕಾಗುತ್ತದೆ. ಆಶಾ ಕಾರ್ಯಕರ್ತೆಯರು ಹೇಗೂ 7, 14, 21 ಮತ್ತು 28ನೇ ದಿನ ಬಾಣಂತಿಯ ಮನೆಗೆ ಹೋಗುತ್ತಾರೆ. ಅದೇ ಭೇಟಿಯಲ್ಲಿ ಹೊಲಿಗೆ ನೋಡಿ ವರದಿ ಮಾಡುವ ತರಬೇತಿ ಮತ್ತು ಅದಕ್ಕೆ ಪ್ರತ್ಯೇಕ ಪ್ರೋತ್ಸಾಹಧನ ಕೊಡಬೇಕು.

7. ಕೀವಿನ ಮಾದರಿಯನ್ನು ತಾಲ್ಲೂಕು ಆಸ್ಪತ್ರೆಯಿಂದ ಜಿಮ್ಸ್ ಪ್ರಯೋಗಾಲಯಕ್ಕೆ ಉಚಿತವಾಗಿ ಸಾಗಿಸಿ, ವರದಿಯನ್ನು ಅದೇ ವೈದ್ಯರಿಗೆ ಮುಟ್ಟಿಸುವ ವ್ಯವಸ್ಥೆಯಾಗಬೇಕು.

8. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಾಯಿತ ಖಾಸಗಿ ಆಸ್ಪತ್ರೆಗಳಿಗೂ ಇದೇ ನಿಯಮ ಅನ್ವಯಿಸಬೇಕು. ಔಷಧ ಅಂಗಡಿಗಳ ಎಚ್‌1 ಪುಸ್ತಕಗಳನ್ನು ಔಷಧ ನಿಯಂತ್ರಣ ಇಲಾಖೆ ತಪಾಸಣೆ ಮಾಡಬೇಕು.

9. ಬಿಡುಗಡೆ ಚೀಟಿಯಲ್ಲಿ ಕೊಟ್ಟ ಔಷಧ, ಗಾಯದ ಆರೈಕೆ, ಜ್ವರ ಅಥವಾ ಕೀವು ಬಂದರೆ ಯಾರನ್ನು ಕಾಣಬೇಕು ಎಂಬುದು ಕನ್ನಡದಲ್ಲಿರಬೇಕು. ಅಗತ್ಯವಿರುವವರಿಗೆ ಮರಾಠಿ, ಉರ್ದುವಿನಲ್ಲೂ ತಿಳಿಸಬೇಕು.

10. ಎಷ್ಟು ಶಸ್ತ್ರಚಿಕಿತ್ಸೆ, ಎಷ್ಟರಲ್ಲಿ ಸಮಯಕ್ಕೆ ಸರಿಯಾಗಿ ಔಷಧ, ಎಷ್ಟು ಸೋಂಕು ಎಂಬ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ವೈದ್ಯರ, ರೋಗಿಗಳ ಹೆಸರು ಅದರಲ್ಲಿ ಬೇಡ.

ಈ ಬೇಡಿಕೆಗಳಲ್ಲಿ ಒಂದು, ಎರಡು ಮತ್ತು ಮೂರನೆಯವಕ್ಕೆ ಹೊಸ ಅನುದಾನ ಬೇಕಿಲ್ಲ. ತಮ್ಮ ಒಂದು ಸುತ್ತೋಲೆ ಸಾಕು. ಅವುಗಳನ್ನು 30 ದಿನಗಳೊಳಗೆ ಜಾರಿಗೊಳಿಸಿ, ಉಳಿದವುಗಳಿಗೆ ಕಾಲಮಿತಿ ನಿಗದಿಪಡಿಸಿ, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನಾಗರಿಕರು

ಪ್ರತಿ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಕಲಬುರಗಿ; ನಿರ್ದೇಶಕರು, ಜಿಮ್ಸ್, ಕಲಬುರಗಿ; ಕಾರ್ಯದರ್ಶಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ; ಮೂರೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು. ಸೂಕ್ತ ಕ್ರಮಕ್ಕಾಗಿ.